ಕೇಳಿದ್ದು, ಮಾಡಿದ್ದು: ಕೋಲಾರ ಕಡೆಯ ನಮ್ಮ ಕಾಲೇಜಿನ ನ್ಯಾಕ್ ಅನುಭವ

ನಮ್ಮ ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಗ್ರೇಡ್ ಬಂದ ದಿನದಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೇರೆ ಬೇರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಂದ ಕರೆ ಬರುತ್ತಿವೆ. ‘ಮೇಡಂ, ಪೋಷಕರನ್ನ ಹೇಗೆ ಕರೆಸಿದ್ರಿ? ಹಳೆ ವಿದ್ಯಾರ್ಥಿಗಳ ಸಂಘ ರಿಜಿಸ್ಟರ್ ಮಾಡಿಸಿದ್ದು ಯಾರು? ಫೀಡ್‌ಬ್ಯಾಕ್‌ಗೆ ಪ್ರೂಫ್ ಅಂತ ಏನು ಕೊಟ್ರಿ?’ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ. ನ್ಯಾಕ್‌ನ ಎಲ್ಲ ಕೆಲಸವನ್ನೂ ಹೇಳಹೊರಟರೆ ಮುಗಿಯುವುದಿಲ್ಲ. ವಿದ್ಯಾರ್ಥಿಗಳು, ಪೋಷಕರು, ಹಳೆ ವಿದ್ಯಾರ್ಥಿಗಳು, ಕೆಲಸ ಕೊಡುವವರು ಇವರೆಲ್ಲ ಬರುವ ಭಾಗವನ್ನಷ್ಟೇ ಹೇಳುತ್ತೇನೆ. ನಮಗೆ ಹೆಚ್ಚು ಕಷ್ಟ ಕೊಟ್ಟದ್ದೂ ಅದೇ, ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ನಾನು ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಐಕ್ಯೂಎಸಿ, ಅಂದರೆ ಕಾಲೇಜಿನ ಒಳಗೇ ಗುಣಮಟ್ಟ ನೋಡಿಕೊಳ್ಳುವ ಸಮಿತಿಯ ಸಂಚಾಲಕಿ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾಲ್ಕು ಮಾತು: ನ್ಯಾಕ್ 1994ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಹುಟ್ಟುಹಾಕಿದ ಸಂಸ್ಥೆ. ಅದರ ಕಚೇರಿ ಬೆಂಗಳೂರಿನ ನಾಗರಭಾವಿಯಲ್ಲಿದೆ. ನಾವು ಹೋದ ಪದ್ಧತಿಯಲ್ಲಿ ಕಾಲೇಜನ್ನು ಅದು ಏಳು ಮಾನದಂಡಗಳಲ್ಲಿ ಅಳೆಯುತ್ತಿತ್ತು. ಸುಮಾರು ಶೇ 70ರಷ್ಟು ಅಂಕ ದಾಖಲೆ, ಅಂಕಿಅಂಶದ ಮೇಲೆ ಬರುತ್ತಿತ್ತು. ಉಳಿದದ್ದು ಪಿಯರ್ ಟೀಮ್, ಅಂದರೆ ನ್ಯಾಕ್ ಕಳಿಸುವ ಹೊರಗಿನ ಪ್ರಾಧ್ಯಾಪಕರ ತಂಡ, ಕಾಲೇಜಿಗೆ ಬಂದು ನೋಡಿ ಕೊಡುವುದು. ಹೀಗೆ ಬಂದ ಗ್ರೇಡ್ ಐದು ವರ್ಷ ನಡೆಯುತ್ತದೆ. 2024ರಲ್ಲಿ ಗ್ರೇಡ್ ಬದಲು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎನ್ನುವ ಹೊಸ ಪದ್ಧತಿಯನ್ನು ನ್ಯಾಕ್ ಘೋಷಿಸಿತು. ನಾವು ಮುಗಿಸಿದ್ದು ಹಳೆ ಪದ್ಧತಿಯಲ್ಲಿ. ಹಾಗಾಗಿ ಇಲ್ಲಿರುವ ಮಾಪನ, ಹಂತ, ಶುಲ್ಕ, ಗಡುವುಗಳೆಲ್ಲ ಆ ಹಳೆ ಪದ್ಧತಿಯವು, ನ್ಯಾಕ್ ವೆಬ್‌ಸೈಟ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಜನರನ್ನು ಕೇಳುವ ಕೆಲಸ ಮಾತ್ರ ಯಾವ ಪದ್ಧತಿ ಬಂದರೂ ತಪ್ಪುವುದಿಲ್ಲ.

ಕೆಲಸ ಶುರುವಾಗಿದ್ದು ಹಳೆ ಬೀರುವಿನಿಂದ. ಒಳಗೆ ಹಿಂದಿನ ವರ್ಷಗಳ ಫೀಡ್‌ಬ್ಯಾಕ್ ಫಾರಂಗಳು ಕಟ್ಟುಕಟ್ಟಾಗಿದ್ದವು. ಎಲ್ಲ ಇಂಗ್ಲಿಷ್‌ನಲ್ಲಿ. ಮುಕ್ಕಾಲು ಪಾಲು ಫಾರಂಗಳಲ್ಲಿ ‘ಗುಡ್’ ಅನ್ನುವ ಕಾಲಂಗೆ ಮೇಲಿಂದ ಕೆಳಗೆ ಟಿಕ್. ಪೋಷಕರ ಫಾರಂ ಮೇಲೆ ಮಕ್ಕಳ ಕೈಬರಹ. ಇವುಗಳಿಂದ ಏನಾಯಿತು ಅಂತ ಹೇಳುವ ಒಂದು ಹಾಳೆಯೂ ಅಲ್ಲಿರಲಿಲ್ಲ.

ನ್ಯಾಕ್‌ನವರು ಈ ವಿಷಯವನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡುತ್ತಾರೆ. ಫೀಡ್‌ಬ್ಯಾಕ್‌ಗೆ ಅಂಕ ಕೊಡುವ 1.4.1 ಅನ್ನುವ ಮಾಪನ ತೆಗೆದು ಓದಿ. ಅಭಿಪ್ರಾಯ ಸಂಗ್ರಹಿಸಿ ಸುಮ್ಮನಾದರೆ ಕೆಳಗಿನ ಮೆಟ್ಟಿಲು. ವಿಶ್ಲೇಷಣೆ ಮಾಡಿದರೆ ಅದಕ್ಕಿಂತ ಮೇಲೆ. ಕ್ರಮ ತೆಗೆದುಕೊಂಡು ಸಂಬಂಧಪಟ್ಟವರಿಗೆ ತಿಳಿಸಿದರೆ ಇನ್ನೂ ಮೇಲೆ. ಅದನ್ನೆಲ್ಲ ವೆಬ್‌ಸೈಟ್‌ಗೂ ಹಾಕಿದರೆ ಪೂರ್ತಿ ಅಂಕ. ಬೀರುವಿನ ಫಾರಂಗಳನ್ನು ಈ ಕಣ್ಣಿನಿಂದ ನೋಡಿದಾಗ ನಿಜಕ್ಕೂ ಬೇಜಾರಾಯಿತು. ಅಂಕ ಹೋಗುತ್ತದೆ ಅನ್ನುವುದು ಒಂದು. ಅಷ್ಟು ಜನರನ್ನು ಕೇಳಿ ಒಬ್ಬರಿಗೂ ಉತ್ತರ ಕೊಟ್ಟಿಲ್ಲ ಅನ್ನುವುದು ಅದಕ್ಕಿಂತ ದೊಡ್ಡದು.

ಪ್ರಾಂಶುಪಾಲರ ಜೊತೆ ಕೂತು ಒಂದು ಉದ್ದನೆ ರಿಜಿಸ್ಟರ್ ಮಾಡಿದೆವು. ಎಡಗಡೆ ‘ಕೇಳಿದ್ದು’, ಬಲಗಡೆ ‘ಮಾಡಿದ್ದು’. ಯಾರು, ಯಾವ ದಿನ, ಏನು ಹೇಳಿದರು ಅನ್ನುವುದು ಎಡಕ್ಕೆ. ಏನು ಮಾಡಿದೆವು, ಯಾವ ದಿನ ಅನ್ನುವುದು ಬಲಕ್ಕೆ. ಆಗದಿದ್ದರೆ ಯಾಕೆ ಆಗಲಿಲ್ಲ ಅನ್ನುವುದೂ ಬಲಕ್ಕೇ. ತಿಂಗಳಿಗೊಮ್ಮೆ ಆ ಪುಟಗಳ ಜೆರಾಕ್ಸ್ ನೋಟಿಸ್ ಬೋರ್ಡ್‌ಗೆ. ಕೊನೆಗೆ ನಮ್ಮ ಕೈ ಹಿಡಿದದ್ದು ಈ ರಿಜಿಸ್ಟರ್. ಬೇರೆ ಏನು ಮಾಡದಿದ್ದರೂ ಇದೊಂದನ್ನು ನಾಳೆಯಿಂದಲೇ ಶುರು ಮಾಡಿ.

ಪೋಷಕರ ಸಭೆಯ ಕಥೆ ಸ್ವಲ್ಪ ದೊಡ್ಡದು. ಮೊದಲು ವಾರದ ಮಧ್ಯದಲ್ಲಿ ಒಂದು ಬೆಳಿಗ್ಗೆ 11ಕ್ಕೆ ಇಟ್ಟಿದ್ದೆವು. ಟೊಮೆಟೊ ಕೀಳುವ ಕಾಲ. ಬೆರಳೆಣಿಕೆ ಜನ ಬಂದರು. ನಮ್ಮ ಮಕ್ಕಳ ಮನೆಯವರು ಹೆಚ್ಚಿನವರು ಕೂಲಿ ಮಾಡುವವರು, ಇಲ್ಲ ಒಂದೆರಡು ಎಕರೆ ಇಟ್ಟುಕೊಂಡು ಎರಡು ಹಸು ಸಾಕಿದವರು. ಒಂದು ದಿನದ ಕೂಲಿ ಬಿಟ್ಟು ಬನ್ನಿ ಅಂತ ಹೇಗೆ ಹೇಳುವುದು? ಹುಡುಗರ ಕೈಯಲ್ಲಿ ಕಳಿಸಿದ ಪತ್ರ ಎಷ್ಟೋ ಮನೆಗೆ ತಲುಪಿರಲೇ ಇಲ್ಲ.

ದಾರಿ ತೋರಿಸಿದ್ದು ನಮ್ಮ ಹಳೆ ವಿದ್ಯಾರ್ಥಿ. ಅವರು ಈಗ ತಮ್ಮ ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ‘ಮೇಡಂ, ಊರಿಗೆ ಊರೇ ದಿನಕ್ಕೆ ಎರಡು ಸಲ ಡೈರಿ ಹತ್ರ ಬರುತ್ತೆ. ಅಲ್ಲಿ ಚೀಟಿ ಅಂಟಿಸಿ, ನಾನೂ ಬಾಯಲ್ಲಿ ಹೇಳ್ತೀನಿ’ ಅಂದರು. ಮಕ್ಕಳು ಹೆಚ್ಚಾಗಿ ಬರುವ ಊರುಗಳ ಡೈರಿಗಳಿಗೆಲ್ಲ ಕನ್ನಡದಲ್ಲಿ ಒಂದೊಂದು ಹಾಳೆ ಕೊಟ್ಟೆವು. ಸಭೆ ಭಾನುವಾರಕ್ಕೆ ಇಟ್ಟೆವು. ಬೆಳಗಿನ ಹಾಲು ಹಾಕಿದ ಮೇಲೆ ಶುರು, ಸಂಜೆ ಹಾಲಿನ ಹೊತ್ತಿಗೆ ಮನೆ ಸೇರಬಹುದು. ಚಿತ್ರಾನ್ನ, ಮಜ್ಜಿಗೆಗೆ ಉಪನ್ಯಾಸಕರೆಲ್ಲ ಸೇರಿ ದುಡ್ಡು ಹಾಕಿದೆವು. ಅತಿಥಿ ಉಪನ್ಯಾಸಕರೂ ಕೇಳದೆಯೇ ಕೊಟ್ಟರು. ಅವರಿಗೆ ಸಂಬಳ ಎಷ್ಟು, ಯಾವಾಗ ಬರುತ್ತದೆ ಅಂತ ಗೊತ್ತಿರುವವರಿಗೆ ಅದರ ಬೆಲೆ ಗೊತ್ತು.

ಆ ಭಾನುವಾರ ಸಭಾಂಗಣ ತುಂಬಿತು. ಫಾರಂ ಕೊಟ್ಟು ತುಂಬಿಸುವುದನ್ನು ಬಿಟ್ಟುಬಿಟ್ಟೆವು. ನಾಲ್ಕೈದು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಬ್ಬ ಉಪನ್ಯಾಸಕರು ಕೂತು ಕೇಳುವುದು, ಬರೆದುಕೊಳ್ಳುವುದು. ನಮ್ಮ ಗಡಿ ಕಡೆಯ ಊರುಗಳಲ್ಲಿ ಮನೆಮಾತು ತೆಲುಗು. ತೆಲುಗು ಬರುವವರನ್ನೇ ಆ ಗುಂಪಿಗೆ ಕೂರಿಸಿದೆವು. ಮೊದಲಿಗೆ ಎಲ್ಲರೂ ‘ಚೆನ್ನಾಗೈತೆ ಮೇಡಂ, ನೀವು ಹೇಳಿದಂಗೆ’ ಅನ್ನುವವರೇ. ಕೆಲವರು ಡಿಗ್ರಿ ಮೂರು ವರ್ಷಾನಾ ನಾಲ್ಕು ವರ್ಷಾನಾ ಅಂತ ಕೇಳಿದರು. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಜೊತೆ ನಾಲ್ಕು ವರ್ಷದ ಡಿಗ್ರಿ ಬಂದು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಬಂದದ್ದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಆಮೇಲೆ ಹಿಂದೆ ಕೂತಿದ್ದ ಒಬ್ಬ ತಾಯಿ ಸೆರಗು ಸರಿ ಮಾಡಿಕೊಂಡು ಹೇಳಿದರು. ‘ಮೇಡಂ, ನಮ್ ಹುಡ್ಗಿ ಕಾಲೇಜಿಗೆ ಬಂದ್ರೆ ಸಾಯಂಕಾಲದ ತನಕ ನೀರೇ ಕುಡಿಯಲ್ಲ. ಯಾಕೆ ಅಂದ್ರೆ ಮಧ್ಯಾಹ್ನದ ಮೇಲೆ ಬಾತ್‌ರೂಮಲ್ಲಿ ನೀರಿರಲ್ವಂತೆ. ಎರಡು ಸಲ ಉರಿಮೂತ್ರ ಆಗಿ ಆಸ್ಪತ್ರೆಗೆ ತೋರಿಸಿದೀವಿ.’ ಪಕ್ಕದ ಇನ್ನೊಬ್ಬರು ‘ನಮ್ಮವಳೂ ಅಷ್ಟೇ’ ಅಂದರು. ಮತ್ತೊಬ್ಬರೂ ಅಂದರು. ಹುಡುಗಿಯರು ತಿಂಗಳಲ್ಲಿ ಕೆಲವು ದಿನ ರಜೆ ಹಾಕುವುದಕ್ಕೆ ಕಾರಣ ಏನು ಅಂತ ಆ ಗುಂಪಿನಲ್ಲಿ ಒಂದು ಗಳಿಗೆಯಲ್ಲಿ ಗೊತ್ತಾಯಿತು. ಹಾಜರಿ ಶೇ 75 ಇಲ್ಲ ಅಂತ ನಾವು ಅದೇ ಹುಡುಗಿಯರಿಗೆ ನೋಟಿಸ್ ಕೊಡುತ್ತಿದ್ದೆವು. ಅದನ್ನು ಬರೆದುಕೊಳ್ಳುವಾಗ ನನ್ನ ಗಂಟಲು ಕಟ್ಟಿತ್ತು. ನಮ್ಮ ಹಳೆ ಫಾರಂನಲ್ಲಿ ‘ಮೂಲಸೌಕರ್ಯ: ಅತ್ಯುತ್ತಮ, ಉತ್ತಮ, ಸಾಧಾರಣ’ ಅಂತ ಇತ್ತು. ಆ ತಾಯಿಯ ಮಾತು ಆ ಮೂರರಲ್ಲಿ ಎಲ್ಲಿ ಹಿಡಿಸುತ್ತದೆ ಹೇಳಿ.

ಮಾರನೇ ದಿನವೇ ಅಟೆಂಡರ್ ಅಣ್ಣನ ಜೊತೆ ಪ್ರಾಂಶುಪಾಲರು ಮೇಲೆ ಹತ್ತಿ ನೋಡಿದರು. ಇಡೀ ಕಟ್ಟಡಕ್ಕೆ ಒಂದೇ ಟ್ಯಾಂಕ್. ಬೆಳಿಗ್ಗೆ ಒಂದು ಸಲ ಮೋಟಾರ್ ಹಾಕಿದರೆ ಮುಗಿಯಿತು, ಮಧ್ಯಾಹ್ನ ಕರೆಂಟ್ ಇದ್ದರೂ ಹಾಕುವವರಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೇರೆ ಸಿಂಟೆಕ್ಸ್ ಟ್ಯಾಂಕ್, ಎರಡು ಹೊತ್ತು ಮೋಟಾರ್, ಪ್ಯಾಡ್ ಹಾಕಲು ಮುಚ್ಚಳದ ಡಬ್ಬ ಅಂತ ತೀರ್ಮಾನವಾಯಿತು. ಟ್ಯಾಂಕ್ ಹಳೆ ವಿದ್ಯಾರ್ಥಿಗಳು ಕೊಟ್ಟರು, ಪೈಪಿನ ಕೆಲಸಕ್ಕೆ ಕಾಲೇಜು ಅಭಿವೃದ್ಧಿ ಸಮಿತಿಯ ನಿಧಿ. ಸಮಿತಿಗೆ ಶಾಸಕರೇ ಅಧ್ಯಕ್ಷರು. ಹಾಗಾಗಿ ಸಭೆಯ ದಿನ ಹೊಂದಿಸುವುದಕ್ಕೇ ಕಾಯಬೇಕಾಯಿತು. ಒಪ್ಪಿಗೆ ಬರುವ ತನಕ ಮೋಟಾರ್ ಹಾಕುವ ಕೆಲಸವನ್ನು ಅಟೆಂಡರ್ ಅಣ್ಣ ತಾವಾಗಿ ವಹಿಸಿಕೊಂಡರು. ರಿಜಿಸ್ಟರ್‌ನ ಬಲಗಡೆ ಕಾಲಂನಲ್ಲಿ ಮೊದಲ ಸಲ ಏನೋ ಬರೆದೆವು.

ಮುಂದಿನ ಸಭೆಗೆ ಬಂದವರು ಬಾಯಿ ಬಿಟ್ಟು ಮಾತಾಡಿದರು, ಕಾರಣ ಇಷ್ಟೇ: ಹೋದ ಸಲ ಹೇಳಿದ್ದು ಆಗಿತ್ತು. ಒಂದು ಕಡೆಯ ಹಳ್ಳಿಗಳಿಗೆ ಮೂರೂವರೆ ಬಸ್ ಬಿಟ್ಟರೆ ಆಮೇಲೆ ಕತ್ತಲಾದ ಮೇಲೆಯೇ ಬಸ್ಸು. ಹಾಗಾಗಿ ಆ ಕಡೆಯ ಮಕ್ಕಳು ಕೊನೆಯ ಪಿರಿಯಡ್ ಯಾವತ್ತೂ ಕೇಳಿಯೇ ಇಲ್ಲ. ಊರುವಾರು ಮಕ್ಕಳ ಪಟ್ಟಿ, ಬಸ್ ಪಾಸ್ ನಂಬರ್ ಸೇರಿಸಿ ಡಿಪೋಗೆ ಅರ್ಜಿ ಕೊಟ್ಟೆವು. ಬಸ್ಸಿನ ಸಮಯ ಬದಲಾಗಲು ಸಮಯ ಹಿಡಿಯುತ್ತದೆ ಅಂದಾಗ ನಾವೇ ಟೈಂಟೇಬಲ್ ಬದಲಿಸಿದೆವು. ಕಾಲೇಜು ಅರ್ಧ ಗಂಟೆ ಮುಂಚೆ ಶುರು, ಮುಖ್ಯ ವಿಷಯಗಳು ಬೆಳಿಗ್ಗೆಗೆ. ಬಸ್ಸಿನ ಕಾಲಂ ರಿಜಿಸ್ಟರ್‌ನಲ್ಲಿ ಇನ್ನೂ ಅರ್ಧ ಖಾಲಿ ಇದೆ.

ಸಿಲಬಸ್ ಬಗ್ಗೆ ಬಂದ ಮಾತುಗಳಿಗೆ ಒಂದು ಸೂಚನೆ. ನಮ್ಮಂಥ ಕಾಲೇಜಿಗೆ ಸಿಲಬಸ್ ಬದಲಿಸುವ ಅಧಿಕಾರ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದವರು 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದ್ದೇವೆ, ಸಿಲಬಸ್ ಅವರದ್ದೇ. ‘ನಮ್ಮ ಕೈಲಿಲ್ಲ’ ಅಂತ ಬಿಡಬೇಡಿ. ವಿದ್ಯಾರ್ಥಿಗಳು, ಉಪನ್ಯಾಸಕರು ಹೇಳಿದ್ದನ್ನು ಒಂದು ಪತ್ರದಲ್ಲಿ ಬರೆದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗೆ ಕಳಿಸಿ. ಸ್ವೀಕೃತಿ ಸೀಲು ಇರುವ ಪ್ರತಿ ಇಟ್ಟುಕೊಳ್ಳಿ. ಸಂಬಂಧಪಟ್ಟವರಿಗೆ ತಿಳಿಸಿದ್ದಕ್ಕೆ ಅದೇ ದಾಖಲೆ.

ಇನ್ನು ಹಳೆ ವಿದ್ಯಾರ್ಥಿಗಳ ಸಂಘ. ನ್ಯಾಕ್‌ನ 5.4 ಭಾಗದಲ್ಲಿ ಕೇಳುವುದು ನೋಂದಣಿ ಆದ ಸಂಘ. ವಾಟ್ಸಾಪ್ ಗ್ರೂಪ್ ಎಷ್ಟು ದೊಡ್ಡದಿದ್ದರೂ ಲೆಕ್ಕಕ್ಕಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ 18 ವರ್ಷ ದಾಟಿದ ಕನಿಷ್ಠ 7 ಜನ ಬೇಕು. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬರು ವಕೀಲರು. ಸಂಘದ ಉದ್ದೇಶದ ಪತ್ರ, ಬೈಲಾ ಅವರೇ ದುಡ್ಡಿಲ್ಲದೆ ಬರೆದುಕೊಟ್ಟರು. ಆದರೂ ತಡವಾಯಿತು. ನಾವು ಇಟ್ಟ ಹೆಸರಿಗೆ ಹತ್ತಿರದ ಹೆಸರಿನ ಸಂಘ ಆಗಲೇ ಇತ್ತು, ಬದಲಿಸಬೇಕಾಯಿತು. ಸಂಘದ ವಿಳಾಸ ಕಾಲೇಜಿನದ್ದು ಅಂತ ಬರೆದಿದ್ದರಿಂದ ಪ್ರಾಂಶುಪಾಲರ ಒಪ್ಪಿಗೆ ಪತ್ರ ಕೇಳಿದರು. ಒಬ್ಬರ ಆಧಾರ್‌ನಲ್ಲಿ ತಂದೆಯ ಹೆಸರು, ಇನ್ನೊಂದು ಕಡೆ ಬೇರೆ ಇನಿಷಿಯಲ್. ಸರ್ಕಾರಿ ನೌಕರಿಯಲ್ಲಿ ಇರುವವರು ಪದಾಧಿಕಾರಿ ಆಗಲು ಹಿಂಜರಿದರು. ಇದು ಎಲ್ಲ ಕಡೆ ಆಗುವುದೇ. ಪದಾಧಿಕಾರಿಗಳನ್ನು ಊರಲ್ಲೇ ಇರುವ, ಕರೆದಾಗ ಸಹಿಗೆ ಸಿಗುವ ಜನರಿಂದ ಆರಿಸಿ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿ ಇರುವವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಳ್ಳಿ, ಸಾಕು.

ನೋಂದಣಿ ಆದ ಮೇಲೆ ಪ್ಯಾನ್, ಬ್ಯಾಂಕ್ ಖಾತೆ. ಅಷ್ಟಕ್ಕೇ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು. ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಅದನ್ನು ಬಿಟ್ಟ ಸಂಘಗಳ ಕಷ್ಟ ಆಮೇಲೆ ಗೊತ್ತಾಗುತ್ತದೆ. ಆಡಿಟರ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ನ್ಯಾಕ್ ಅರ್ಜಿ ಹಾಕುವ ವರ್ಷ ಈ ಕೆಲಸ ಶುರು ಮಾಡಿದರೆ ತೋರಿಸಲು ಏನೂ ಇರುವುದಿಲ್ಲ. ಬಹಳ ಮುಂಚೆಯೇ ಹಿಡಿಯಿರಿ.

ಕೆಲಸ ಕೊಡುವವರ ಅಭಿಪ್ರಾಯ ಪಡೆಯುವುದು ಎಲ್ಲಕ್ಕಿಂತ ಕಷ್ಟ. ನಮ್ಮ ಮಕ್ಕಳು ನರಸಾಪುರ, ವೇಮಗಲ್ ಕಡೆಯ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುತ್ತಾರೆ. ಹೆಚ್ಚಿನವರು ಕಂಟ್ರಾಕ್ಟರ್ ಮೂಲಕ. ಎಚ್‌ಆರ್ ವಿಭಾಗಕ್ಕೆ ಮೇಲ್ ಮಾಡಿದರೆ ಉತ್ತರವಿಲ್ಲ. ಗೇಟಿನ ಹತ್ತಿರ ಹೋದರೆ ಸೆಕ್ಯೂರಿಟಿಯವರು ಫಾರಂ ಇಸಕೊಂಡು ಇಟ್ಟುಕೊಳ್ಳುತ್ತಾರೆ. ಹಾಗಾಗಿ ನಾವು ಹತ್ತಿರದವರ ಬಳಿ ಹೋದೆವು. ಊರಿನ ಆಡಿಟರ್ ಆಫೀಸು, ಪತ್ತಿನ ಸಹಕಾರ ಸಂಘ, ಖಾಸಗಿ ಶಾಲೆಗಳು, ಟೊಮೆಟೊ ಮಂಡಿ. ಇವರೂ ನಮ್ಮ ಮಕ್ಕಳಿಗೆ ಕೆಲಸ ಕೊಡುವವರೇ ಅಲ್ವಾ?

ಆಡಿಟರ್ ನೇರವಾಗಿ ಹೇಳಿದರು. ‘ಮೇಡಂ, ಬಿಕಾಂ ಪಾಸಾದ ಹುಡುಗರು ಬರ್ತಾರೆ. ಜರ್ನಲ್ ಎಂಟ್ರಿ ಹೇಳ್ತಾರೆ. ಕೈಗೆ ಬಿಲ್ ಕೊಟ್ಟು ಇದರಲ್ಲಿ ಜಿಎಸ್‌ಟಿ ಎಷ್ಟು ಅಂದ್ರೆ ನಿಂತ್ಕೋತಾರೆ.’ ವಾಣಿಜ್ಯ ವಿಭಾಗದವಳಾಗಿ ನನಗೆ ಆ ಮಾತು ನಾಟಿತು. ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಟ್ಯಾಲಿ, ನಿಜವಾದ ಬಿಲ್‌ಗಳಿಟ್ಟು ಜಿಎಸ್‌ಟಿ ಲೆಕ್ಕ ಶುರು ಮಾಡಿದೆವು. ಬಿಲ್‌ಗಳ ಜೆರಾಕ್ಸ್ ಕೊಟ್ಟದ್ದು ಅದೇ ಆಡಿಟರ್. ಅವರನ್ನೇ ಐಕ್ಯೂಎಸಿಗೆ ಕೆಲಸ ಕೊಡುವವರ ಪರವಾಗಿ ಸದಸ್ಯರನ್ನಾಗಿ ಮಾಡಿಕೊಂಡೆವು. ಈ ಸಮಿತಿಯಲ್ಲಿ ಊರಿನ ಪ್ರತಿನಿಧಿ, ವಿದ್ಯಾರ್ಥಿ, ಹಳೆ ವಿದ್ಯಾರ್ಥಿ, ಕೆಲಸ ಕೊಡುವವರು ಇರಲೇಬೇಕು. ಸಹಿಗೆ ಮಾತ್ರ ಬರುವವರನ್ನು ಹಾಕಿಕೊಂಡರೆ ಆ ಜಾಗ ವ್ಯರ್ಥ.

ಅರ್ಜಿಯ ವಿಚಾರಕ್ಕೆ ಬರುತ್ತೇನೆ. ಮೊದಲ ಅರ್ಜಿ ಐಐಕ್ಯೂಎ, ಅಂದರೆ ಕಾಲೇಜಿನ ಮೂಲ ಮಾಹಿತಿ ಕೊಡುವುದು. ನಾವು ಕಟ್ಟಿದಾಗ ಅದಕ್ಕೆ 25,000 ರೂಪಾಯಿ, ಮೇಲೆ ಜಿಎಸ್‌ಟಿ. ಆ ದುಡ್ಡು ವಾಪಸ್ ಬರುವುದಿಲ್ಲ. ಮುಂದಿನ ಹಂತಗಳ ಶುಲ್ಕ ಬೇರೆ. ಐಐಕ್ಯೂಎ ಒಪ್ಪಿಗೆ ಆದ ಮೇಲೆ 45 ದಿನದಲ್ಲಿ ಎಸ್‌ಎಸ್‌ಆರ್ (ಕಾಲೇಜು ತನ್ನ ಬಗ್ಗೆ ತಾನೇ ಬರೆದುಕೊಡುವ ವರದಿ) ಹಾಕಬೇಕು. ಐದು ವರ್ಷದ ಕಾಗದ ಆ 45 ದಿನದಲ್ಲಿ ಹುಡುಕುತ್ತೇವೆ ಅಂದುಕೊಳ್ಳಬೇಡಿ.

ಇದರ ಜೊತೆಗೇ ವಿದ್ಯಾರ್ಥಿಗಳ ಸಮೀಕ್ಷೆ. ನ್ಯಾಕ್‌ನವರು ನೇರವಾಗಿ ಮಕ್ಕಳ ಇಮೇಲ್‌ಗೆ ಪ್ರಶ್ನೆ ಕಳಿಸುತ್ತಾರೆ. ಟಿಕ್ ಮಾಡುವ 20 ಪ್ರಶ್ನೆ, ಕೊನೆಯಲ್ಲಿ ಸ್ವಂತ ಸಲಹೆ ಬರೆಯುವ ಒಂದು. ಮೊದಲ ಪ್ರಶ್ನೆಯೇ ಸಿಲಬಸ್ ಎಷ್ಟು ಮುಗಿಸಿದರು ಅನ್ನುವುದು. ಕನಿಷ್ಠ ಶೇ 10 ಅಥವಾ 100 ಮಕ್ಕಳು, ಯಾವುದು ಕಡಿಮೆಯೋ ಅಷ್ಟು ಉತ್ತರ ಬರಬೇಕು. ಇದು ಸುಲಭ ಅಂತ ಕಾಣುತ್ತದೆ. ನಮಗೆ ಇಲ್ಲೇ ಉಸಿರು ಕಟ್ಟಿದ್ದು.

ಮಕ್ಕಳು ಅಡ್ಮಿಷನ್‌ನಲ್ಲಿ ಕೊಟ್ಟಿದ್ದ ಇಮೇಲ್ ಹೆಚ್ಚಿನವು ಸೈಬರ್ ಅಂಗಡಿಯಲ್ಲಿ ಯಾರೋ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅಂಗಡಿಯವರಿಗೂ ನೆನಪಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ಕೆಲವರದ್ದು ಅಣ್ಣನ ಇಮೇಲ್. ಒಂದೇ ವಿಳಾಸ ಇಬ್ಬರಿಗೂ ಇತ್ತು. ತರಗತಿವಾರು ಲ್ಯಾಬ್‌ಗೆ ಕರೆದು, ಅವರವರ ಫೋನ್ ನಂಬರ್‌ಗೆ ಹೊಸ ಇಮೇಲ್ ಮಾಡಿಸಿದೆವು. ಪಾಸ್‌ವರ್ಡ್ ನೋಟ್‌ಬುಕ್‌ನಲ್ಲಿ ಅವರ ಕೈಯಲ್ಲೇ ಬರೆಸಿದೆವು. ನ್ಯಾಕ್‌ನ ಮೇಲ್ ಸ್ಪ್ಯಾಮ್‌ಗೆ ಹೋಗುತ್ತದೆ, ಅಲ್ಲಿ ನೋಡಲು ಹೇಳಿ. ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮಕ್ಕಳ ಪರವಾಗಿ ನೀವು ತುಂಬಬೇಡಿ, ಪಕ್ಕದಲ್ಲಿ ನಿಂತು ತುಂಬಿಸಬೇಡಿ. ನಾವು ಪ್ರಶ್ನೆಗಳ ಅರ್ಥವನ್ನು ಮೊದಲೇ ಕನ್ನಡದಲ್ಲಿ ವಿವರಿಸಿ, ತುಂಬುವಾಗ ಹೊರಗೆ ಬಂದೆವು. ಭಯ ಇತ್ತು, ಇಲ್ಲ ಅನ್ನಲ್ಲ. ಆದರೆ ಮಕ್ಕಳು ನಿಜ ಹೇಳಲಿ ಅನ್ನುವುದಕ್ಕೇ ತಾನೆ ಇಷ್ಟೆಲ್ಲ ಮಾಡುವುದು.

ಡಿವಿವಿ ಅಂದರೆ ನಾವು ಕೊಟ್ಟ ಅಂಕಿಅಂಶಕ್ಕೆ ಸಾಕ್ಷಿ ಕೇಳುವ ಹಂತ. ಉತ್ತರಕ್ಕೆ 15 ದಿನ. ಫೀಡ್‌ಬ್ಯಾಕ್ ವಿಷಯದಲ್ಲಿ ತುಂಬಿದ ಫಾರಂಗಳ ಮಾದರಿ, ವಿಶ್ಲೇಷಣೆ, ಸಭೆಯ ನಡಾವಳಿ, ಕ್ರಮದ ವರದಿ, ವೆಬ್‌ಸೈಟ್ ಲಿಂಕ್ ಎಲ್ಲ ಕೇಳಿದರು. ನಡಾವಳಿಯಲ್ಲಿ ದಿನಾಂಕ, ಹಾಜರಾದವರ ಸಹಿ, ಪ್ರಾಂಶುಪಾಲರ ಸೀಲು ಇರಬೇಕು. ಫೋಟೋಗಳು ಜಾಗ, ಸಮಯ ಅಚ್ಚಾಗುವ ಆ್ಯಪ್‌ನಲ್ಲೇ ತೆಗೆದಿರಲಿ. ಗುಂಪಿನಲ್ಲಿ ಬಾಯಲ್ಲಿ ಕೇಳಿದ್ದಕ್ಕೆ ಪ್ರತ್ಯೇಕ ಹಾಳೆಯಲ್ಲಿ ಬರೆದು, ಪೋಷಕರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿದ್ದೆವು. ಅದು ನಡೆಯಿತು. ರಾತ್ರಿ ಹೊತ್ತು ಸ್ಕ್ಯಾನ್ ಮಾಡುತ್ತಾ ಕೂತ ದಿನಗಳಲ್ಲಿ ನನ್ನ ಮನೆಯವರು ಅಡುಗೆ, ಮಗುವಿನ ಹೋಂವರ್ಕ್ ಎಲ್ಲ ನೋಡಿಕೊಂಡರು. ಈ ಕೆಲಸ ಒಪ್ಪಿಕೊಳ್ಳುವ ಮುಂಚೆ ಮನೆಯಲ್ಲಿ ಮಾತಾಡಿಕೊಳ್ಳಿ.

ಪಿಯರ್ ಟೀಮ್ ಎರಡು ದಿನ ಇತ್ತು. ಬೇರೆ ರಾಜ್ಯಗಳ ಹಿರಿಯ ಪ್ರಾಧ್ಯಾಪಕರು. ಪೋಷಕರು, ಹಳೆ ವಿದ್ಯಾರ್ಥಿಗಳು, ವಿದ್ಯಾರ್ಥಿಗಳು, ಎಲ್ಲರ ಜೊತೆ ಬೇರೆ ಬೇರೆಯಾಗಿ ಕೂತರು. ವಿದ್ಯಾರ್ಥಿಗಳ ಜೊತೆ ಕೂತಾಗ ನಮ್ಮನ್ನು ಹೊರಗೆ ಇರಲು ಹೇಳಿದರು. ಪೋಷಕರಿಗೆ ಏನು ಮಾತಾಡಬೇಕು ಅಂತ ನಾವು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಿ ಅಂತ ಕೆಲವರು ಸಲಹೆ ಕೊಟ್ಟಿದ್ದರು, ಪ್ರಾಂಶುಪಾಲರು ಬೇಡ ಅಂದರು. ಒಬ್ಬ ಸದಸ್ಯೆ ರಿಜಿಸ್ಟರ್ ಕೈಗೆತ್ತಿಕೊಂಡು, ವಿದ್ಯಾರ್ಥಿನಿಯೊಬ್ಬಳಿಂದ ಅರ್ಥ ಕೇಳಿಕೊಂಡು, ಪುಟ ತಿರುಗಿಸಿದರು. ಆಮೇಲೆ ಎದ್ದು ನೇರವಾಗಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ನೋಡಿದರು. ಆಗ ಸಮಯ ಮೂರು ಗಂಟೆ ದಾಟಿತ್ತು. ನೀರು ಬಂತು. ಖಾಲಿ ಇದ್ದ ಕಾಲಂಗಳ ಬಗ್ಗೆಯೂ ಕೇಳಿದರು. ಲೈಬ್ರರಿ ಸಂಜೆ ತೆರೆದಿರಬೇಕು ಅಂತ ಮಕ್ಕಳು ಕೇಳಿದ್ದು ಯಾಕೆ ಆಗಿಲ್ಲ ಅಂದರು. ಗ್ರಂಥಪಾಲಕರ ಹುದ್ದೆ ಖಾಲಿ ಇದೆ ಅಂತ ಇದ್ದದ್ದನ್ನೇ ಹೇಳಿದೆವು.

ಎರಡನೇ ದಿನ ಸಂಜೆ ವರದಿಗೆ ಸಹಿ ಹಾಕಿ ಒಂದು ಪ್ರತಿ ಕೊಟ್ಟು ಹೋದರು. ಅದರಲ್ಲಿ ಗ್ರೇಡ್ ಇರುವುದಿಲ್ಲ, ಆಮೇಲೆ ಬರುತ್ತದೆ. ಕಾಯುವ ಆ ದಿನಗಳಲ್ಲಿ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಬಂದದ್ದು ಬಿ ಪ್ಲಸ್, ಅಂದರೆ 4ಕ್ಕೆ 2.51ರಿಂದ 2.75ರ ನಡುವೆ. ಇದಕ್ಕಿಂತ ಮೇಲೆ ಬರಲಿಲ್ಲವಲ್ಲ ಅಂತ ಕೆಲವರಿಗೆ ಬೇಸರ ಆಯಿತು. ಸಂಶೋಧನೆಯ ಭಾಗದಲ್ಲಿ ನಮಗೆ ಅಂಕ ಕಡಿಮೆ. ಕಾಯಂ ಉಪನ್ಯಾಸಕರೇ ಕಡಿಮೆ ಇರುವ ಕಾಲೇಜಿನಲ್ಲಿ ಅದು ಒಂದೆರಡು ವರ್ಷದಲ್ಲಿ ಸರಿಹೋಗುವುದಿಲ್ಲ. ಜನರ ಮಾತಿಗೆ ಸಂಬಂಧಪಟ್ಟ ಭಾಗದಲ್ಲಿ ನಾವು ಕಳೆದುಕೊಂಡದ್ದು ತೀರಾ ಕಡಿಮೆ.

ಈಗ ಪ್ರತಿ ವರ್ಷ ನ್ಯಾಕ್‌ಗೆ ಎಕ್ಯೂಎಆರ್, ಅಂದರೆ ವಾರ್ಷಿಕ ಗುಣಮಟ್ಟದ ವರದಿ ಕಳಿಸಬೇಕು. ರಿಜಿಸ್ಟರ್ ಎರಡನೇ ಪುಸ್ತಕಕ್ಕೆ ಬಂದಿದೆ. ಗ್ರಂಥಪಾಲಕರ ಹುದ್ದೆಗೆ ಇಲಾಖೆಗೆ ಮತ್ತೆ ಬರೆದಿದ್ದೇವೆ. ಅಲ್ಲಿಯ ತನಕ ಹಳೆ ವಿದ್ಯಾರ್ಥಿಗಳಲ್ಲಿ ಇಬ್ಬರು ಸರದಿಯ ಮೇಲೆ ಸಂಜೆ ಆರರ ತನಕ ಲೈಬ್ರರಿ ನೋಡಿಕೊಳ್ಳುತ್ತೇವೆ ಅಂತ ಬಂದಿದ್ದಾರೆ, ಅದಕ್ಕೆ ಅನುಮತಿ ಕೇಳಿದ್ದೇವೆ. ಮುಂದಿನ ಪೋಷಕರ ಸಭೆ ದೀಪಾವಳಿ ಕಳೆದ ಭಾನುವಾರ. ಡೈರಿಗಳಿಗೆ ಹಾಕುವ ಚೀಟಿ, ಸಂಘದ ಬೈಲಾದ ಮಾದರಿ, ರಿಜಿಸ್ಟರ್‌ನ ನಮೂನೆ ಬೇಕಾದವರು ಕೇಳಿ, ಕಳಿಸಿಕೊಡುತ್ತೇನೆ.